ಮೂರನೇ ಸಿಲಿಂಡರಿನ ಮಿಸ್ಸಿಂಗ್

ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕ ಭಾವ-ಭಾಮೈದ ಕೂತಿದ್ದರು. ಒಳಗೆ ಅವರ ಪೆಟ್ರೋಲ್ ಪಿಕಪ್ಪಿನ ಬಾನೆಟ್ ತೆರೆದಿತ್ತು. ಮೂರನೇ ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತಂತೆ.

"ಕಿಡಿ ಕೊಡೋ ಕಾಯಿಲ್‌ದಂತೂ ತಪ್ಪಲ್ಲ, ಭಾವ. ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊನೇ ಹೋಗಿದೆ. ಇಳಿಸಿ ಅಂತ ಮೆಕ್ಯಾನಿಕ್‌ಗೆ ಹೇಳಿದೀನಿ."

"ಕಾಯಿಲ್ ಅಲ್ಲ ಅಂತ ಹೇಗೆ ಹೇಳ್ತೀಯ?"

"ಸೋಮವಾರ ಮೂರನೇ ಸಿಲಿಂಡರಿನ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ ಹಾಕಿದೆ. ಅದು ಕೆಟ್ಟಿದ್ರೆ ಮಿಸ್ಸಿಂಗೂ ಒಂದಕ್ಕೆ ಹೋಗ್ಬೇಕಿತ್ತು. ಮಾರನೇ ದಿನ ಓಡಿಸಿದ್ರೆ ಮೂರರಲ್ಲೇ ಇದೆ."

"ಸೋಮವಾರ ಎಷ್ಟೊತ್ತಿಗೆ ಹಾಕಿದೆ?"

"ಬೆಳಿಗ್ಗೆ. ಯಾಕೆ?"

"ಸಂಜೆ ನಾನೂ ಅವೆರಡನ್ನೇ ಅದಲು ಬದಲು ಮಾಡಿದೆ."

"ಅಂದ್ರೆ ಆ ಕಾಯಿಲ್ ವಾಪಸ್ ಮೂರಕ್ಕೇ ಬಂತು."

"ಬಂತು."

"ಅಕ್ಕನಿಗೆ ಗೊತ್ತಾದ್ರೆ?"

"ಕಾಯಿಲ್ ನೋಡಿ ಅಂತ ಮೊದಲು ಹೇಳಿದ್ದೇ ನಿನ್ನಕ್ಕ."

ಒಳಗಿನಿಂದ ಮೆಕ್ಯಾನಿಕ್ ಕೂಗಿದ, "ಟರ್ಬೊ ಇಳಿಸಿ ಆಯ್ತು, ಬಂದು ನೋಡಿ."

ಇಬ್ಬರೂ ಎದ್ದರು.

"ನಡಿ, ಟರ್ಬೊ ಅಲ್ಲ, ಕಾಯಿಲ್ ನೋಡಿ ಅಂತ ಮೆಕ್ಯಾನಿಕ್‌ಗೆ ಹೋಗಿ ಹೇಳು."

"ನೀವು ದೊಡ್ಡವರು, ಭಾವ. ನೀವು ಮುಂದೆ ನಡೀರಿ."