ಸುಣ್ಣ ಹತ್ತಿದ ಬೋಲ್ಟು

ಲಾರಿ ಇಂಜಿನ್ನಿನ ಹೊಟ್ಟೆಯ ಕೆಳಗೆ ಒಂದು ತೊಟ್ಟಿ ಇರುತ್ತದಲ್ಲ, ಆಯಿಲ್ ನಿಲ್ಲುವುದು... ಅದಕ್ಕೆ ಶೆಡ್ಡಿನವರು ಏನೋ ಅನ್ನುತ್ತಾರೆ. ನಾಲಿಗೆಯ ತುದಿಯಲ್ಲೇ ಇದೆ. ಸೊಲ್ಲಾಪುರಕ್ಕೆ ಬಂದು ಇಷ್ಟು ವರ್ಷವಾದ ಮೇಲೆ ನಮ್ಮ ಕಡೆಯ ಎಷ್ಟೋ ಮಾತು ಹೀಗೇ ಅರ್ಧಕ್ಕೆ ನಿಂತುಬಿಡುತ್ತವೆ. ಇರಲಿ, ಬರುತ್ತದೆ. ನಡೆದದ್ದು ಮಾತ್ರ ಮರೆತಿಲ್ಲ. ಸಾಸಲಿನ ನನ್ನ ಚಿಕ್ಕಪ್ಪನ ಮಗಳು ಮುನಿತಾಯಮ್ಮನಿಗೆ ಆದದ್ದು ಇದು.

ಅವಳನ್ನು ಕೊಟ್ಟದ್ದು ಹೊಸಕೋಟೆಯ ಆಚೆಗಿನ ವಿಜಯಪುರದ ಕಡೆಗೆ. ಅವತ್ತು ಕೊನೆಯ ಬಸ್ಸಿಳಿದು ಒಬ್ಬಳೇ ಮನೆಗೆ ನಡೆಯುತ್ತಿದ್ದಳು. ಊರಾಚೆ ಆಲದ ಮರ. ಬುಡದಲ್ಲಿ ಹಾಳು ಬಾವಿ. ಬಾವಿಯಾಚೆ ಕೆಂಪರಾಜನ ಲಾರಿ ರಿಪೇರಿ ಶೆಡ್ಡು. ಮರ ದಾಟುವಾಗ ಸದ್ದು ಕೇಳಿತು.

ಕಿರ್ರ್... ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕಿರ್ರ್... ಆಮೇಲೆ, ಟಿಣ್.

ಬಿಗಿದ ಬೋಲ್ಟನ್ನು ಸ್ಪ್ಯಾನರ್ ಹಾಕಿ ಬಿಚ್ಚುವ ಸದ್ದು. ಬಿಚ್ಚಿದ್ದನ್ನು ಸ್ಟೀಲ್ ತಟ್ಟೆಗೆ ಹಾಕುವ ಸದ್ದು. ಕೆಂಪರಾಜ ಇನ್ನೂ ಕೆಲಸ ಮಾಡುತ್ತಿದ್ದಾನೆ ಅಂದುಕೊಂಡು ಬಾಗಿಲ ಹತ್ತಿರ ಹೋದಳು. ಹೊರಗಿನಿಂದ ಬೀಗ. ಒಳಗೆ ಕತ್ತಲು.

"ಕೆಂಪರಾಜಾ..." ಮೆಲ್ಲಗೆ ಕರೆದಳು.

ಸದ್ದು ನಿಂತಿತು.

ಆ ಶೆಡ್ಡಿನಲ್ಲಿದ್ದದ್ದು ಅವಳ ಗಂಡನ ಲಾರಿ ಇಂಜಿನ್. ಗಂಡ ಬೈರಪ್ಪ ಅದರಲ್ಲಿ ಜಲ್ಲಿ ಲೋಡು ಹೊಡೆಯುತ್ತಿದ್ದ. ಆಯಿಲ್ ಪಂಪನ್ನು ತಿರುಗಿಸುವ ಜೋಡಿ ಗೇರು ಸವೆದಿದೆ, ಬದಲಾಯಿಸು ಅಂದರೆ, "ಇರ್ಲಿ ಬಿಡು, ಇನ್ನೂ ಓಡುತ್ತೆ" ಅನ್ನುತ್ತಿದ್ದ. ಒಂದು ರಾತ್ರಿ ಆವತಿಯ ಹತ್ತಿರ ಆ ಜೋಡಿಯಲ್ಲಿ ಒಂದರ ಹಲ್ಲು ಮುರಿಯಿತು. ಆಯಿಲ್ ಏರದೆ ಇಂಜಿನ್ ಹಿಡಿದುಕೊಂಡು ಲಾರಿ ನಿಂತಿತು. ಏನಾಯಿತೆಂದು ನೋಡಲು ರಸ್ತೆಗಿಳಿದವನನ್ನು ಯಾವುದೋ ಗಾಡಿ ಹೊಡೆದುಕೊಂಡು ಹೋಯಿತು.

ಲಾರಿಯನ್ನು ಗುಜರಿಗೆ ಹಾಕು ಅಂದರು ಎಲ್ಲರೂ. ಮುನಿತಾಯಿ ಕೇಳಲಿಲ್ಲ. ಇಂಜಿನ್ ಇಳಿಸಿ ಶೆಡ್ಡಿನಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದಳು. "ಹಳೇ ಅಳತೆಗೆ ಹಳೇ ತರದ್ದೇ ಹಾಕ್ಬೇಡ. ಮೊದಲಿದ್ದಿದ್ದಕ್ಕಿಂತ ಗಟ್ಟಿ ಇರ್ಬೇಕು" ಅಂತ ಕೆಂಪರಾಜನಿಗೆ ಹೇಳಿದಳು. ಬೇಗ ಸವೆಯದ ಲೈನರು, ಉಕ್ಕಿನ ತಲೆಯ ಪಿಸ್ಟನ್ನು, ಸ್ಟೀಲ್ ಪದರದ ಗ್ಯಾಸ್ಕೆಟ್ಟು, ಹೆಡ್ ಹಿಡಿಯುವುದಕ್ಕೆ ದಪ್ಪ ಬೋಲ್ಟು, ಹದ ಹಾಕಿದ ಗೇರು. ಒಂದೊಂದನ್ನೂ ಕೈಯಲ್ಲಿ ಹಿಡಿದು, ತೂಗಿ ನೋಡಿ ಕೊಟ್ಟಳು.

ಆ ಸದ್ದು ಕೇಳಿದ ರಾತ್ರಿ ಕಳೆದು ಬೆಳಿಗ್ಗೆ ಶೆಡ್ಡು ತೆಗೆದರೆ ತೊಟ್ಟಿಯ ಬೋಲ್ಟುಗಳೆಲ್ಲ ತಟ್ಟೆಯಲ್ಲಿದ್ದವು.

"ಬೀಗ ನಾನೇ ಹಾಕಿದ್ದು ಅಕ್ಕಾ. ಕೀ ನನ್ ತಲೆದಿಂಬಿನ ಕೆಳಗಿತ್ತು" ಅಂದ ಕೆಂಪರಾಜ. ಮತ್ತೆ ಬಿಗಿದ. ಮಾರನೆಯ ಬೆಳಿಗ್ಗೆಯೂ ಬೋಲ್ಟು ತಟ್ಟೆಯಲ್ಲೇ.

ಬೈರಪ್ಪನ ಅಣ್ಣ ಅಪ್ಪಯ್ಯಣ್ಣನಿಗೆ ಸುದ್ದಿ ಹೋಯಿತು. ಬಂದ.

"ನೋಡಿದ್ಯಾ ತಾಯಮ್ಮ. ಅವನಿಗೆ ಇಷ್ಟ ಇಲ್ಲ."

"ನಿಮ್ ತಮ್ಮಂಗೆ ಇಷ್ಟ ಇಲ್ದಿರೋದನ್ನ ಬದುಕಿದ್ದಾಗ್ಲೇ ಬೇಕಾದಷ್ಟು ಮಾಡಿದೀನಿ ಬಾವ. ಇದೂ ಒಂದು."

"ದೆವ್ವ ಮುಟ್ಟಿದ ಗಾಡಿಗೆ ಯಾವ ಡ್ರೈವರ್ ಹತ್ತಾನು? ಇನ್ನೊಂದ್ಸಲ ಹಿಂಗಾದ್ರೆ ಗುಜರಿಯವ್ನನ್ನ ನಾನೇ ಕರ್ಕೊಂಡು ಬರ್ತೀನಿ. ನಮ್ಮನೇಲಿ ಒಂದು ಮೂಲೆ ಇದ್ದೇ ಇದೆ, ಬಿದ್ಕೊಂಡಿರು."

ಆ ಮೂಲೆ ಎಂಥದ್ದು ಅಂತ ಅವಳಿಗೆ ಗೊತ್ತಿತ್ತು. ಲಾರಿ ಹೋದರೆ ಅವಳಿಗೆ ಉಳಿಯುವುದು ಅದೊಂದೇ. ಬೋಲ್ಟುಗಳನ್ನು ಮತ್ತೆ ಬಿಗಿಸಿದಳು. ಆ ರಾತ್ರಿ ಮನೆಗೆ ಹೋಗಲಿಲ್ಲ. ಶೆಡ್ಡಿನೊಳಗೆ ಒಂದು ಗೋಣಿಚೀಲ ಹಾಸಿಕೊಂಡು, ಟಾರ್ಚ್ ಮಡಿಲಲ್ಲಿಟ್ಟುಕೊಂಡು ಕೂತಳು. ಹೊರಗಿನಿಂದ ಬೀಗ ಹಾಕಿಸಿದಳು.

ಬಾವಿಯ ಕಡೆ ಕಪ್ಪೆ ಕೂಗುತ್ತಿದ್ದವು. ಇದ್ದಕ್ಕಿದ್ದಂತೆ ನಿಂತವು. ವೀಳ್ಯದೆಲೆ, ಸುಣ್ಣದ ವಾಸನೆ ಬಂತು. ಬೈರಪ್ಪ ಎಲೆಅಡಿಕೆ ಹಾಕುತ್ತಿದ್ದ. ಯಾವ ಬೋಲ್ಟು ಬಿಗಿದರೂ ಹೆಬ್ಬೆರಳಿನಿಂದ ಅದರ ತಲೆಗೆ ಒಂದು ಚುಕ್ಕೆ ಸುಣ್ಣ ಹಚ್ಚುತ್ತಿದ್ದ. ಇದು ಬಿಗಿಯಾಯಿತು, ಇನ್ನು ಮುಟ್ಟಬೇಡಿ ಅನ್ನುವ ಗುರುತು.

ಕಿರ್ರ್...

ಅವಳು ಸದ್ದಿನ ಕಡೆ ತಿರುಗಿ ಕೂತಳು.

ಟಿಣ್.

"ಬಂದ್ಯಾ?" ಅಂದಳು.

ಕಿರ್ರ್... ಟಿಣ್.

"ಬಿಚ್ಚು. ಎಷ್ಟ್ ಬಿಚ್ತೀಯೋ ಬಿಚ್ಚು. ಬೆಳಿಗ್ಗೆ ಮತ್ತೆ ಹಾಕಿಸ್ತೀನಿ. ನಾಳಿದ್ದೂ ಹಾಕಿಸ್ತೀನಿ. ನಿನ್ ಅಣ್ಣನ ಮನೆ ಮೂಲೇಲಿ ಮಾತ್ರ ಕೂರಲ್ಲ."

ಟಿಣ್... ಟಿಣ್... ಆಮೇಲೆ, ಧಬ್. ಚೇಂಬರು... ಹಾಂ, ಆ ತೊಟ್ಟಿಗೆ ಅನ್ನುವ ಮಾತು ಅದೇ, ಚೇಂಬರು... ಕಳಚಿ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಇನ್ನೊಂದು ಸದ್ದು. ಉಗುರಿನಿಂದ ಕಬ್ಬಿಣ ತಟ್ಟಿದ ಹಾಗೆ. ಟಕ್ ಟಕ್. ಟಕ್ ಟಕ್. ಒಂದೇ ಜಾಗದಲ್ಲಿ.

ಅವಳು ಓಡಲಿಲ್ಲ. ಓಡುವುದಕ್ಕೆ ಬಾಗಿಲೂ ತೆರೆದಿರಲಿಲ್ಲ ಅನ್ನಿ. ಎದ್ದು ಹತ್ತಿರ ಹೋಗಿ, ಸದ್ದು ಬಂದ ಕಡೆಗೇ ಟಾರ್ಚ್ ಹಿಡಿದಳು. ಯಾರೂ ಇಲ್ಲ. ಬೆಳಕು ಪಂಪಿನ ಜೋಡಿ ಗೇರಿನ ಮೇಲೆ ಬಿತ್ತು. ಒಂದು ನೀಲಿಗಪ್ಪು, ಹೊಸದು. ಇನ್ನೊಂದರ ಹಲ್ಲು ಸವೆದು ಹೊಳೆಯುತ್ತಿತ್ತು.

ಬೆಳಗಾಗುವವರೆಗೂ ಅದರ ಪಕ್ಕದಲ್ಲೇ ನಿಂತಿದ್ದಳು.

ಕೆಂಪರಾಜ ಬಾಗಿಲು ತೆಗೆದವನೇ ಅವಳ ಮುಖ ನೋಡಿ ಒಪ್ಪಿಕೊಂಡ. ಆ ಕಡೆಯ ಶೆಡ್ಡುಗಳಲ್ಲಿ ಒಂದು ರೂಢಿ ಇದೆ. ಇಂಜಿನ್ ಕಟ್ಟುವಾಗ ಎಲ್ಲವನ್ನೂ ಹೊಸದು ಹಾಕಿದರೆ ದೃಷ್ಟಿಯಾಗುತ್ತದೆ ಅಂತ ಹಳೆಯದೊಂದನ್ನು ಒಳಗೇ ಉಳಿಸುತ್ತಾರೆ. ಬೇರೆಯವರಾದರೆ ಒಂದು ವಾಷರ್ ಉಳಿಸುತ್ತಾರೆ.

"ಅಣ್ಣ ಓಡಿಸಿದ ಗಾಡಿ ಅಂತ... ಮುರಿದಿದ್ದರ ಜೋಡಿ ಚೆನ್ನಾಗೇ ಇತ್ತಕ್ಕಾ. ಅದನ್ನೇ ಉಳಿಸ್ದೆ. ಇನ್ನೂ ಓಡ್ತಿತ್ತು."

"ಅದೇ ಮಾತು ಹೇಳಿ ಹೇಳಿ ಸತ್ತ ಕಣೋ ಅವ್ನು" ಅಂದಳು ಮುನಿತಾಯಿ. "ತೆಗಿ."

ಅಪ್ಪಯ್ಯಣ್ಣ ಗುಜರಿಯವನನ್ನು ಕರೆದುಕೊಂಡು ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. "ಈ ರಾತ್ರಿ ಒಂದು ಬೋಲ್ಟು ಬಿಚ್ಚಿದ್ರೂ ನಾನೇ ಎತ್ತಿಕೊಡ್ತೀನಿ ಬಾವ. ಬಿಚ್ಚದಿದ್ರೆ, ಇನ್ನೊಂದ್ಸಲ ಈ ಮಾತು ಎತ್ತಬಾರ್ದು." ಅವನು ನಕ್ಕ. ಒಪ್ಪಿದ. ಕೆಂಪರಾಜ ಇನ್ನೊಂದು ಗೇರನ್ನೂ ಹೊಸದು ಕೂರಿಸಿ, ಚೇಂಬರ್ ಬಿಗಿದ. ಬೀಗ ಹಾಕಿ ಕೀಯನ್ನು ಅಪ್ಪಯ್ಯಣ್ಣನೇ ಇಟ್ಟುಕೊಂಡ. ಗುಜರಿಯವನನ್ನು ಕಳಿಸಿ, ಆಲದ ಮರದ ಕೆಳಗೆ ಅವಳು, ಬಾವ, ಕೆಂಪರಾಜ ಮೂವರೂ ಕೂತರು.

ನಡುರಾತ್ರಿ ದಾಟಿದ ಮೇಲೆ ಒಳಗೆ ಕಿರ್ರ್ ಅಂತು. ಒಂದೇ ಸಲ. ಟಿಣ್ ಅನ್ನುತ್ತದೇನೋ ಅಂತ ಕಾದರು. ಅನ್ನಲಿಲ್ಲ.

ಬೆಳಿಗ್ಗೆ ತಟ್ಟೆ ಖಾಲಿ. ಎಲ್ಲ ಬೋಲ್ಟೂ ಜಾಗದಲ್ಲೇ ಇದ್ದವು. ಒಂದರ ತಲೆಯ ಮೇಲೆ ಮಾತ್ರ ಸುಣ್ಣದ ಚುಕ್ಕೆ. ಕೆಂಪರಾಜ ಎಲೆ ಹಾಕುವವನಲ್ಲ. ಅಪ್ಪಯ್ಯಣ್ಣ ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಹೋದ.

ಈಗ ಆ ಲಾರಿಯನ್ನು ಮುನಿತಾಯಿಯೇ ಓಡಿಸುತ್ತಾಳೆ. ನಂಬದವರು ವಿಜಯಪುರಕ್ಕೆ ಹೋಗಿ ನೋಡಿಕೊಂಡು ಬರಲಿ. ನಾನು ನೋಡಿದ್ದೇನೆ. ಹೋದ ಬೇಸಿಗೆಯಲ್ಲಿ ಹೋದಾಗ, ಈ ವಯಸ್ಸಿನಲ್ಲಿ, ಲಾರಿ ಕೆಳಗೆ ನುಸುಳಿ ಮಲಗಿ ನೋಡಿದೆ. ನಗಬೇಡ ಮೊಮ್ಮಗಳೇ ಸಿಂಧು, ಪೆನ್ನು ತಗೋ. ನಾನು ಹೇಳಿದ ಹಾಗೇ ಬರಿ. ಗಾಡಿ ಆಗಷ್ಟೇ ಹೊಸಕೋಟೆಯಿಂದ ಬಂದು ನಿಂತಿತ್ತು. ಚೇಂಬರು ಕೈ ಇಡಲಾರದಷ್ಟು ಸುಡುತ್ತಿತ್ತು. ಆ ಚುಕ್ಕೆಗೆ ಬೆರಳು ತಾಗಿಸಿದೆ. ಸುಣ್ಣ ಇನ್ನೂ ಹಸಿಯಾಗಿತ್ತು.