ಸೊನ್ನೆಯೊಳಗಿನ ಚುಕ್ಕಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಅಣೆಕಟ್ಟೆಯ ತಪಾಸಣೆಗೆ ಬಂದಿದ್ದ ಇಂಜಿನಿಯರ್, ಅವಳ ಜೊತೆಯ ಸರ್ವೇಯರು ಮತ್ತು ಜೀಪಿನ ಡ್ರೈವರು, ಮೂವರೂ ಏರಿಯ ತುದಿಯಲ್ಲಿದ್ದ ಕಾವಲು ಕೋಣೆಯಲ್ಲಿ ಸಿಕ್ಕಿಕೊಂಡಿದ್ದರು. ಕರೆಂಟು ಹೋಗಿತ್ತು. ಮೇಜಿನ ಮೇಲೆ ಲಾಟೀನು, ಅದರ ಪಕ್ಕದಲ್ಲಿ ಅವಳ ವರದಿ. ಎಲ್ಲ ತುಂಬಿಯಾಗಿತ್ತು, ಸಹಿಯೊಂದು ಬಾಕಿ.

ಡ್ರೈವರು ಬಗ್ಗಿ ಓದಿದ. “ಅಲ್ಲ ಮೇಡಂ, ಸ್ಥಿತಿ ತೃಪ್ತಿಕರ ಅಂತೀರ, ಅಪಾಯ ಅತಿ ಹೆಚ್ಚು ಅಂತಾನೂ ಬರೆದಿದ್ದೀರ. ಊಟ ಚೆನ್ನಾಗಿದೆ, ಆದ್ರೆ ತಿನ್ಬೇಡಿ ಅಂದ ಹಾಗಾಯ್ತಲ್ಲ!”

“ಅಪಾಯ ಅಂದ್ರೆ ಕಟ್ಟೆ ಹೇಗಿದೆ ಅಂತ ಅಲ್ಲಪ್ಪ. ಒಡೆದ್ರೆ ಎಷ್ಟು ಜನ ಹೋಗ್ತಾರೆ ಅಂತ. ಕೆಳಗೆ ಏಳುನೂರು ಮನೆ ಇದೆ,” ಎಂದಳು ಇಂಜಿನಿಯರ್. ಹೇಳುತ್ತಲೇ ಎದ್ದು ಕಿಟಕಿಯವರೆಗೆ ಹೋದಳು, ಮತ್ತೆ ಬಂದು ಕೂತಳು. ಕಿಟಕಿಯ ಹಲಗೆಯ ಮೇಲೊಂದು ಗಾಜಿನ ಬಾಟಲಿಯಿತ್ತು. ಏರಿಯ ಬುಡದಲ್ಲಿ ಜಿನುಗುವ ನೀರನ್ನು ಅದರಲ್ಲಿ ಹಿಡಿದಿಟ್ಟು ನೋಡುವುದು ಅಲ್ಲಿನ ಕ್ರಮ. ನೀರು ತಿಳಿಯಾಗಿದ್ದರೆ ಸರಿ, ಮಣ್ಣು ಬೆರೆತಿದ್ದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ನಾಲ್ಕು ಗಂಟೆಗೆ ಅವಳು ಆ ನೀರಿಗೆಂದು ಹೊರಟವಳು, ಪಾಚಿ ಕಟ್ಟಿದ ಮೆಟ್ಟಿಲು ನೋಡಿ ಹಿಂದೆ ತಿರುಗಿ, ಕೋಣೆಯ ಹಿಂದಿನ ನಲ್ಲಿಯಲ್ಲಿ ಬಾಟಲಿ ತುಂಬಿಸಿದ್ದಳು. ಮೇಲೆ ಚೀಟಿ ಅಂಟಿಸಿ ‘ಬುಡದ ನೀರು, ೨೦ನೇ ತಾರೀಕು’ ಎಂದು ಬರೆದಿದ್ದಳು. ಯಾರೂ ನೋಡಿರಲಿಲ್ಲ. ಇತ್ತೀಚಿನ ಎಲ್ಲ ವರದಿಗಳಲ್ಲೂ ತಿಳಿ ಎಂದೇ ಇದೆಯಲ್ಲ ಎಂದು ಎಷ್ಟು ಸಮಾಧಾನ ಮಾಡಿಕೊಂಡರೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕೋಣೆಯ ಹಿಂದಿನ ವಸತಿಗೃಹದಲ್ಲಿದ್ದ ಮುದುಕ ಕೆಟಲಿನಲ್ಲಿ ಚಹಾ ತಂದ. ಮೂವತ್ತು ವರ್ಷ ಅಲ್ಲಿ ನೀರು ಅಳೆದು ನಿವೃತ್ತನಾದವನು. ಬಾಟ್ಲಿ ತಾತ ಎಂದೇ ಎಲ್ಲರೂ ಕರೆಯುತ್ತಿದ್ದರು.

“ತಾತ, ಒಳ್ಳೇ ಮಳೆ ಹಿಡಿದಿದೆ. ಒಂದು ದೆವ್ವದ ಕತೆ ಬಿಡಿ,” ಎಂದ ಸರ್ವೇಯರು.

“ಬಿಡೋಕೆ ಅದೇನು ಬಾಣಾನಾ?” ಮುದುಕ ಸಿಡುಕುತ್ತ ಕಿಟಕಿಗೆ ಬೆನ್ನು ಹಾಕಿ ಕೂತ. “ಹೇಳ್ತೀನಿ. ಮಧ್ಯದಲ್ಲಿ ಯಾರೂ ಎದ್ದು ಓಡಾಡ್ಬಾರ್ದು… ಮೇಡಂ, ನಿಮಗೇ ಹೇಳಿದ್ದು, ಕೂತ್ಕೊಳ್ಳಿ.”

ಅವಳು ಕೂತಳು. ಕೂರುವ ಮುನ್ನ ಬಾಟಲಿಯನ್ನೊಮ್ಮೆ ನೋಡಿದಳು. ನೀರು ತಿಳಿಯಾಗಿತ್ತು.

“ಆಗ ನನಗೆ ಇಪ್ಪತ್ತಾರು. ಇದೇ ಕೋಣೆ, ಇದೇ ಕಿಟಕಿ. ನನ್ನ ಕೆಲಸ ಏನು? ದಿನಾ ಬುಡಕ್ಕಿಳಿದು ಬಾಟ್ಲಿಗೆ ನೀರು ಹಿಡಿದು, ಚೀಟಿ ಅಂಟಿಸಿ ಇಲ್ಲಿಡೋದು, ಅಷ್ಟೇ. ನನ್ನ ಅಕ್ಷರ ನೋಡಿ ಸಾಹೇಬ್ರು, ಇದೇನಯ್ಯಾ ಕೋಳಿ ಕೆದಕಿದ್ದಾ ಅಂತಿದ್ರು. ಅದಕ್ಕೇ ತಿಂಗಳ ಚೀಟಿನೆಲ್ಲ ನಮ್ಮಕ್ಕ ಬರೆದು ಕೊಡೋಳು. ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಅವಳೇ ಕಣ್ರಪ್ಪ. ಮದುವೆಯಾಗಿ ಇಲ್ಲೇ ಏರಿ ಕೆಳಗಿನ ಬೀದೀಲಿದ್ಲು. ದುಂಡಗಿನ ಅಕ್ಷರ. ಸೊನ್ನೆ ಬರೆದ್ರೆ ಅದರೊಳಗೊಂದು ಚುಕ್ಕಿ ಇಡೋಳು. ಯಾಕಕ್ಕಾ ಅಂದ್ರೆ, ‘ನಿನ್ನ ಹಾಗೆ ಕಣ್ಮುಚ್ಕೊಂಡು ಕೂತಿರ್ಬಾರ್ದು ಕಣೋ, ಅದಕ್ಕೂ ಒಂದು ಕಣ್ಣಿರ್ಲಿ’ ಅಂತ ನಗೋಳು…

“ಆ ವರ್ಷ ಮಳೆ ಅಂದ್ರೆ ಮಳೆ. ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಉಳುಕ್ತು. ಮಾರನೇ ದಿನ ಅಂದ್ಕೊಂಡೆ, ಇಷ್ಟು ವರ್ಷ ತಿಳಿಯಾಗೇ ಬಂದ ನೀರು ಇವತ್ತೇನು ಬದಲಾಗುತ್ತೆ? ಹಿಂದಿನ ನಲ್ಲೀಲಿ ತುಂಬ್ಸಿದೆ. ಅದೂ ನೀರೇ, ಇದೂ ನೀರೇ, ಯಾರು ಕೇಳ್ತಾರೆ?”

ಇಂಜಿನಿಯರ್ ಲೋಟ ಕೆಳಗಿಟ್ಟು, ಮೇಜಿನ ಮೇಲಿನ ವರದಿಯನ್ನು ಮಗುಚಿ ಹಾಕಿದಳು.

“ಮೂರು ದಿನ ಹಾಗೇ ಮಾಡಿದೆ. ತಪಾಸಣೆ ಸಾಹೇಬ್ರು ಬಂದ್ರು, ಬಾಟ್ಲಿ ನೋಡಿದ್ರು, ಶಹಬ್ಬಾಸ್ ಅಂದ್ರು, ತೃಪ್ತಿಕರ ಅಂತ ಬರೆದು ಹೋದ್ರು. ಆವತ್ತೇ ಮಧ್ಯಾಹ್ನ ಏರಿ ಬುಡ ಕಿತ್ಕೊಂಡು ಹೋಯ್ತು. ಅಕ್ಕನ ಬೀದಿ… ಬೀದಿ ಅನ್ನೋಕೇ ಏನೂ ಉಳೀಲಿಲ್ಲ. ಅವಳ ಮನೆ ಹೊಸಿಲು ಸಿಕ್ತು. ಅವಳು ಸಿಗ್ಲಿಲ್ಲ. ಮಳೆ ಜಾಸ್ತಿ ಆಯ್ತು ಅಂತ ಎಲ್ರೂ ಬರ್ಕೊಂಡ್ರು, ನಾನು ಬಾಯಿಗೆ ಬೀಗ ಹಾಕ್ಕೊಂಡೆ. ಕೊಂದಿದ್ದು ನಾನು. ಈಗ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

“ಏರಿ ಮತ್ತೆ ಕಟ್ಟಿದ್ರು, ಕೆಳಗೆ ಮತ್ತೆ ಮನೆಗಳೆದ್ದವು. ಕೆಲಸಕ್ಕೆ ನನ್ನನ್ನೇ ಇಟ್ಕೊಂಡ್ರು, ಅನುಭವಸ್ಥ ಅಂತ! ಆರು ವರ್ಷ ಒಂದು ದಿನಾನೂ ತಪ್ಪಿಸ್ಲಿಲ್ಲ. ಏಳನೇ ವರ್ಷ ಇಂಥದ್ದೇ ಮಳೆ. ಮೆಟ್ಟಿಲ ತಲೇಲಿ ನಿಂತೆ… ಕಾಲೇ ಏಳ್ಲಿಲ್ಲ. ಕೆಳಗಿಂದ ಯಾರೋ ಹತ್ತಿ ಬರ್ತಿದ್ದಾರೆ ಅನ್ಸ್ತಿತ್ತು. ಬುದ್ಧಿ ಬಂದಿತ್ತಾ ನನಗೆ? ಎಲ್ಲಿಂದ! ಮತ್ತೆ ಆ ನಲ್ಲಿಗೇ ಹೋದೆ. ಚೀಟಿ ನಾನೇ ಗೀಚಿದೆ. ಬಾಟ್ಲಿ ಇಟ್ಟು, ಕೈ ಒರೆಸ್ಕೊಂಡು ತಿರುಗಿ ನೋಡ್ತೀನಿ… ತಳದಲ್ಲಿ ಬೆರಳು ದಪ್ಪ ಕೆಂಪು ಮಣ್ಣು. ಚೀಟಿ ಮೇಲೆ ದುಂಡಗಿನ ಅಕ್ಷರ. ಸೊನ್ನೆಯೊಳಗೆ ಚುಕ್ಕಿ.

“ಹೇಗೆ ಇಳಿದ್ನೋ ದೇವರಿಗೇ ಗೊತ್ತು. ಬುಡದಲ್ಲಿ ನೀರು ಕೆಂಪಗೆ ಬರ್ತಿತ್ತು. ಕೂಗಿದೆ, ಓಡಿದೆ, ತೂಬು ತೆಗೆಸಿದೆ, ಮನೆಮನೆ ಬಾಗಿಲು ಬಡಿದೆ. ಬಾಟ್ಲಿ ನೋಡಿ ಸರಿಯಾಗಿ ಒಂದು ಗಂಟೆ ಆಗೋಷ್ಟರಲ್ಲಿ ಏರಿ ಒಂದು ಮಗ್ಗುಲು ಕುಸೀತು. ಅಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಒಂದು ಬೆಕ್ಕೂ ಸಾಯ್ಲಿಲ್ಲ.”

“ಅಂದ್ರೆ ಒಳ್ಳೇ ದೆವ್ವ ಅನ್ನಿ,” ಎಂದ ಡ್ರೈವರು.

ಮುದುಕನಿಗೆ ರೇಗಿತು. “ಒಳ್ಳೇದಂತೆ! ನಿನಗೇನೋ ಗೊತ್ತು? ನಿಜವಾದ ನೀರು ತಂದಿಟ್ಟ ದಿನ ಅವಳು ಒಂದ್ಸಲಾನೂ ಬಂದಿಲ್ಲ. ಎಷ್ಟು ಕರೆದಿದ್ದೀನಿ… ಅಕ್ಕಾ, ಒಂದು ಸೊನ್ನೆ ಬರೆದು ಹೋಗೇ ಅಂತ ಈ ಕೋಣೇಲಿ ಕೂತು ಅತ್ತಿದ್ದೀನಿ. ಊಹೂಂ. ಯಾರಾದ್ರೂ ಸುಳ್ಳು ಬಾಟ್ಲಿ ಇಟ್ರೆ, ಕೆಳಗೆ ನೀರು ಕೆಂಪಗಾದ್ರೆ, ಆವಾಗ ಮಾತ್ರ ಬರ್ತಾಳೆ. ನನ್ನ ನಂತರ ಬಂದವನೂ ಒಂದ್ಸಲ ನಲ್ಲಿ ನೀರು ಇಟ್ಟ. ಆವಾಗ್ಲೂ ಬಂದ್ಲು; ಸೋರಿಕೆ ಹೊತ್ತಿಗೆ ಸರಿಯಾಗಿ ಮುಚ್ಚಿದ್ವಿ, ಅವನು ಮಾರನೇ ದಿನವೇ ಕೆಲಸ ಬಿಟ್ಟು ಓಡಿದ. ಅದಕ್ಕೇ ನಾನು ಮಳೆ ಬಂದ್ರೆ ಈ ಕಿಟಕಿಗೆ ಬೆನ್ನು ಹಾಕ್ಕೊಂಡೇ ಕೂರೋದು. ನೋಡಿದ್ರೂ ಕಷ್ಟ, ನೋಡದಿದ್ರೂ ಕಷ್ಟ.”

ಇಂಜಿನಿಯರ್ ಎದ್ದು ನಿಂತಿದ್ದಳು. ಈ ಸಲ ಮುದುಕ ಕೂತ್ಕೊಳ್ಳಿ ಎನ್ನಲಿಲ್ಲ. ಅವಳು ಲಾಟೀನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ಬೆಳಕು ಬಾಟಲಿಯ ಮೇಲರ್ಧ ದಾಟಿ ಗೋಡೆಗೆ ಬಿತ್ತು, ಕೆಳಗಿನರ್ಧ ದಾಟಲಿಲ್ಲ. ತಳದಲ್ಲಿ ಕೆಂಪು ಮಣ್ಣು ಕೂತಿತ್ತು, ಇನ್ನೂ ಕೂರುತ್ತಿತ್ತು. ಚೀಟಿಯ ಮೇಲೆ ಅವಳ ಓರೆ ಅಕ್ಷರ ಇರಲಿಲ್ಲ.

“ಇದು ನಲ್ಲಿ ನೀರು,” ಎಂದಳು. “ನಾನೇ ತುಂಬ್ಸಿದ್ದು. ನಾನು ಕೆಳಗೆ ಇಳಿದೇ ಇಲ್ಲ.”

ಡ್ರೈವರು ಜೀಪಿನ ಕೀಲಿಗಾಗಿ ಜೇಬು ತಡಕಾಡತೊಡಗಿದ.

ಮುದುಕ ತಿರುಗಲಿಲ್ಲ. “ಸೊನ್ನೆಯೊಳಗೆ ಚುಕ್ಕಿ ಇದೆಯಾ, ಮೇಡಂ?”

“ಇದೆ.”

“ಚೆನ್ನಾಗಿದೆಯಾ… ದುಂಡಗೆ?” ಎಂದು ಕೇಳಿದ. ಮರುಕ್ಷಣ ಎದ್ದು ಬಾಗಿಲು ತೆರೆದು ಹಿಡಿದ. ಮಳೆ ಒಳಗೆ ನುಗ್ಗಿತು. “ಹಾಗಾದ್ರೆ ನಿಂತ್ಕೋಬೇಡಿ, ಓಡಿ! ಆವತ್ತು ಅವಳು ನನಗೆ ಕೊಟ್ಟಿದ್ದು ಒಂದೇ ಗಂಟೆ… ಅದರಲ್ಲಿ ಅರ್ಧ ಈಗಾಗ್ಲೇ ನನ್ನ ಕತೇಲೇ ಹೋಯ್ತು.”