ಶೂ ಕಳಚದೆ ನದಿಗೆ ಇಳಿದ ಅಂಗಾರ

ಇಲ್ಲಿ ಸೇರಿರುವ ಹಿರಿಯರಿಗೆ, ಕಲ್ಯಾಣದ ಕನ್ನಡ ಕ್ರೈಸ್ತ ಸಭೆಯಿಂದ ಬಂದಿರುವ ಪಾಸ್ಟರ್ ಅವರಿಗೆ, ಡ್ಯೂಟಿ ಬಿಟ್ಟು ಬಂದ ನಮ್ಮ ಪ್ಲಾಂಟಿನ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅಂಗಾರನ ಹೆಂಡತಿ ಹರಿಣಾಕ್ಷಿ ಅಕ್ಕನಿಗೆ, ಮಗ ಸಮಿತ್‌ಗೆ, ಮಗಳು ದಿಶಾಗೆ — ಏನು ಹೇಳಲಿ? ನಿಮ್ಮ ಮನೆಯ ದುಃಖ ನಮ್ಮದೂ ಹೌದು.

ನಾನು ವಸಂತಕುಮಾರ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ, ಅಂಗಾರನ ಜೊತೆ ಒಂದೇ ಶಿಫ್ಟಿನಲ್ಲಿ ದುಡಿದವನು. ನನಗೆ ಭಾಷಣ ಬರುವುದಿಲ್ಲ. ಸಿಟ್ಟು ಬರುತ್ತದೆ. ಇವತ್ತೂ ಸಿಟ್ಟಿನಲ್ಲೇ ನಿಂತಿದ್ದೇನೆ, ದನಿ ಏರಿದರೆ ಕ್ಷಮಿಸಿ.

ನನಗಿಂತ ಮೊದಲು ಮಾತಾಡಿದವರು ಅಂಗಾರ ಸಾಧು, ಅಂಗಾರ ದೇವರಂಥ ಮನುಷ್ಯ ಅಂದರು. ಸುಳ್ಳು! — ಇಲ್ಲ, ಕೂತುಕೊಳ್ಳಿ, ಕೂತುಕೊಳ್ಳಿ. ಫೋಟೋಕ್ಕೆ ಹಾರ ಬಿದ್ದ ಮೇಲೆ ಎಲ್ಲರೂ ಸಾಧುಗಳೇ. ನಮ್ಮ ಅಂಗಾರ ಹೊಡೆಯುತ್ತಿದ್ದ. ಠಾಕುರ್ಲಿ ಸ್ಟೇಷನ್ನಿನ ಹೊರಗೆ, ರಿಕ್ಷಾ ಲೈನಿನಲ್ಲಿ ಮುಂದೆ ನುಗ್ಗಿದ ಒಬ್ಬನ ಕಾಲರ್ ಹಿಡಿದು ಎಳೆದು, ಅವನ ತಲೆಯನ್ನು ರಿಕ್ಷಾದ ಕಂಬಿಗೆ — ಹೀಗೆ — ಹೀಗೆ — ಬಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕ್ಯಾಂಟೀನಿನಲ್ಲಿ ಶಂಕ್ರೆಪ್ಪನ ದವಡೆ ಮುರಿದದ್ದು ಪ್ಲಾಂಟಿಗೆಲ್ಲ ಗೊತ್ತು. ಶಂಕ್ರೆಪ್ಪ ವಿಜಯಪುರದ ಕಡೆಯವನು, ನಮ್ಮದೇ ಶಿಫ್ಟು. ಅವನು ಮಾಡಿದ ತಪ್ಪೇನು? ಇವನ ತುಳುವನ್ನು ಅಣಕಿಸಿದ, ಅಷ್ಟೇ. ನಟ್ ಬಿಗಿಯುವ ದೊಡ್ಡ ಪಾನಾ ಮೇಜಿನ ಮೇಲಿತ್ತು. ಎತ್ತಿ ಬೀಸಿಯೇ ಬಿಟ್ಟ. ಶಂಕ್ರೆಪ್ಪನ ಹಲ್ಲು ಅವನ ಡಬ್ಬಿಯ ಪಲ್ಯದಲ್ಲೇ ಬಿತ್ತು.

ಮನೆಯಲ್ಲೂ ಹೊಡೆಯುತ್ತಿದ್ದ. ಇದನ್ನು ಹೇಳಲು ಹರಿಣಾಕ್ಷಿ ಅಕ್ಕನೇ ಅಪ್ಪಣೆ ಕೊಟ್ಟಿದ್ದಾರೆ. "ಹೇಳಿ ವಸಂತಣ್ಣ. ಅದನ್ನು ಮುಚ್ಚಿಟ್ರೆ ಅವರು ಬದಲಾದದ್ದು ಯಾರಿಗೆ ಗೊತ್ತಾಗ್ತದೆ?" ಎಂದರು. ಒಂದು ದಿನ ಅಕ್ಕನಿಗೆ ಬೀಳಬೇಕಿದ್ದ ಒದೆ ನಡುವೆ ಬಂದ ದಿಶಾಳಿಗೆ ಬಿತ್ತು. ಆಗ ಚಿಕ್ಕವಳು. ಅಳಲಿಲ್ಲವಂತೆ, ಅಪ್ಪನ ಮುಖವನ್ನೇ ನೋಡುತ್ತ ನಿಂತಳಂತೆ. ಅಂಗಾರನಿಗೆ ಆ ನೋಟ ತಡೆಯಲಾಗಲಿಲ್ಲ. ಮನೆಯಿಂದ ಹೊರಬಿದ್ದವನು ಕಲ್ಯಾಣದವರೆಗೂ ನಡೆದ. ಅಲ್ಲಿ ಒಂದು ಶಾಲೆಯ ಕೋಣೆಯೊಳಗೆ ಈ ಪಾಸ್ಟರ್ ಅವರ ಸಭೆಯವರು ಕನ್ನಡದಲ್ಲಿ ಹಾಡುವುದು ಕೇಳಿಸಿತು, ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಮುಂದಿನ ಭಾನುವಾರ ಮತ್ತೆ ಹೋದ.

ಆಮೇಲೊಮ್ಮೆ ನನ್ನ ಹತ್ತಿರ ಬಂದು, "ವಸಂತಣ್ಣ, ನಾನು ದೀಕ್ಷಾಸ್ನಾನ ತೆಗೊಳ್ತೇನೆ" ಎಂದ. ನಾನು ನಕ್ಕುಬಿಟ್ಟೆ. ನಾನು ಕ್ರೈಸ್ತನಲ್ಲ, ನಿಮಗೆಲ್ಲ ಗೊತ್ತು. "ಊರಿಗೆ ಹೋದಾಗಲೆಲ್ಲ ನಾನೂ ಹೊಳೆಯಲ್ಲಿ ಮುಳುಗ್ತೇನೆ ಮಾರಾಯ, ನನ್ನ ಸಿಟ್ಟು ಎಲ್ಲಿಗೆ ಹೋಯ್ತು?" ಎಂದೆ. ಅವನು ನಗಲಿಲ್ಲ.

ಉಲ್ಹಾಸ್ ನದಿಯ ದಂಡೆಗೆ ನಾವು ಕೆಲವರು ತಮಾಷೆ ನೋಡಲೆಂದೇ ಹೋಗಿದ್ದೆವು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕಾಲಲ್ಲಿ — ನೋಡಿದರೆ — ಪ್ಲಾಂಟಿನ ಸೇಫ್ಟಿ ಶೂ! ಮುಂದೆ ಕಬ್ಬಿಣದ ಟೋಪಿ ಇರುವ ಆ ಭಾರದ ಶೂ. ಎಲ್ಲರೂ ಗೊಳ್ಳೆಂದು ನಕ್ಕೆವು. ಶೂ ಇಲ್ಲದೆ ಗೇಟಿನೊಳಗೆ ಬಿಡದ ನೌಕರಿ ನಮ್ಮದು, ಅಭ್ಯಾಸಬಲದಿಂದ ಹಾಕಿಕೊಂಡು ಬಂದಿದ್ದಾನೆ ಅಂದುಕೊಂಡೆವು. ಪಾಸ್ಟರ್ ಅವರೂ, "ಅಂಗಾರ, ಶೂ ಕಳಚಿ" ಎಂದರು.

"ಇದರಲ್ಲೇ ಒದ್ದದ್ದು ಪಾಸ್ಟರ್. ಇದೂ ಮುಳುಗ್ಲಿ."

ನಮ್ಮ ನಗು ಅಲ್ಲಿಗೇ ನಿಂತಿತು. ದಂಡೆಯಲ್ಲಿದ್ದ ಹರಿಣಾಕ್ಷಿ ಅಕ್ಕ ಮುಖ ತಿರುಗಿಸಿದರು. ಅವರು ಇವತ್ತಿಗೂ ತಮ್ಮ ದೇವಿಯನ್ನೇ ಪೂಜಿಸುವವರು, ಅಂಗಾರ ಒಂದು ದಿನವೂ ಬೇಡ ಅಂದವನಲ್ಲ. ಹೊಸ ಹೆಸರು ಇಟ್ಟುಕೊಳ್ಳುವಿರಾ ಎಂದು ಪಾಸ್ಟರ್ ಕೇಳಿದರು. "ಬೇಡ. ಹೊಡೆದವನು ಅಂಗಾರ. ಬೇರೆ ಹೆಸರು ಕೊಟ್ರೆ ಅವ ತಪ್ಪಿಸಿಕೊಳ್ತಾನೆ" ಎಂದ. ಹೇಳಿ ಮುಳುಗಿದ. ಶೂ ಕೆಸರಿನಲ್ಲಿ ಹೂತು, ಏಳಲಾಗದೆ ಒದ್ದಾಡಿ, ಇಬ್ಬರು ರಟ್ಟೆ ಹಿಡಿದು ಎಳೆಯಬೇಕಾಯಿತು. ನೀರಿನಿಂದ ಎದ್ದವನ ಬಾಯಿಂದ ಬಂದ ಮೊದಲ ಮಾತು ತುಳುವಿನ ಒಂದು ಬೈಗುಳ. ಪಾಸ್ಟರ್ ಅವರಿಗೆ ತುಳು ಬರುವುದಿಲ್ಲ, ಬಚಾವ್!

ಆದರೆ ಬಂಧುಗಳೇ, ದೀಕ್ಷಾಸ್ನಾನ ಅಂದರೆ ಏನು ಅಂತ ನನಗೆ ಆವತ್ತು ತಿಳಿಯಲಿಲ್ಲ. ಆಮೇಲೆ ಅವನೇ ಹೇಳಿದ. "ಮುಳುಗುವುದು ಸುಲಭ ವಸಂತಣ್ಣ. ಒಳಗಿನವ ಸಾಯುವುದಿಲ್ಲ. ದಿನಾ ಕುತ್ತಿಗೆ ಹಿಡಿದು ನೀರೊಳಗೆ ಒತ್ತಿ ಇಡಬೇಕು."

ಅದನ್ನು ನಾನು ಠಾಕುರ್ಲಿಯ ಸೇತುವೆಯ ಮೇಲೆ ನೋಡಿದೆ. ಶಂಕ್ರೆಪ್ಪ ದವಡೆಯ ಸಿಟ್ಟನ್ನು ಮರೆತಿರಲಿಲ್ಲ. ಅಂಗಾರ ಅವನ ಮನೆಗೆ ಹೋಗಿ ಕಾಲು ಹಿಡಿದಿದ್ದ, ಆದರೂ ಮರೆತಿರಲಿಲ್ಲ. ಒಂದು ಸಂಜೆ ಡ್ಯೂಟಿ ಮುಗಿಸಿ ಬರುವಾಗ ಶಂಕ್ರೆಪ್ಪ ಮತ್ತು ಅವನ ತಮ್ಮ ಅಡ್ಡ ನಿಂತರು. ಕೈಯಲ್ಲಿ ಸರಳು. ಮೊದಲ ಏಟು ಭುಜಕ್ಕೆ. ಎರಡನೆಯದು ಇಲ್ಲಿ, ಹುಬ್ಬಿನ ಮೇಲೆ. ರಕ್ತ ಕಣ್ಣಿಗೆ ಇಳಿಯಿತು. ನಾನು ಹಿಂದಿನಿಂದ ಜನರನ್ನು ತಳ್ಳಿಕೊಂಡು ಓಡಿ ಬರುವಷ್ಟರಲ್ಲಿ ಅಂಗಾರ ಬೆನ್ನ ಹಿಂದಿನ ರೇಲಿಂಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ — ಹೀಗೆ. ಅವರು ಹೊಡೆಯುತ್ತಲೇ ಇದ್ದರು. ಇವನು ಬಿಡಲಿಲ್ಲ. ಅವರು ಓಡಿಹೋದ ಮೇಲೂ ಅವನ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು.

ನನಗೆ ಮೈಯೆಲ್ಲ ಉರಿಯಿತು. "ನೀನು ಗಂಡಸಾ? ಒಂದಾದರೂ ತಿರುಗಿಸಿ ಕೊಡಬಾರದಾ?" ಎಂದು ಕೂಗಾಡಿದೆ. ಅವನು ಕಣ್ಣಿನ ರಕ್ತ ಒರೆಸಿಕೊಂಡು, "ಕೈ ಏಳ್ತಾ ಇತ್ತು ವಸಂತಣ್ಣ. ಅದಕ್ಕೇ ರೇಲಿಂಗ್ ಹಿಡಿದದ್ದು" ಎಂದ. ಕ್ಷಮಿಸಿದೆ ಎಂದು ಹೇಳಲಿಲ್ಲ. ಸಿಟ್ಟು ಬರಲಿಲ್ಲ ಎಂದೂ ಹೇಳಲಿಲ್ಲ. ಆವತ್ತು ನನಗೆ ಅವನ ಮೇಲೆ ಹುಟ್ಟಿದ ಗೌರವವನ್ನು ನಾನು ಅವನಿಗೆ ಹೇಳಲೇ ಇಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಇನ್ನು ಆ ದಿನ. ಬಣ್ಣ ಬೇಯಿಸುವ ರಿಯಾಕ್ಟರಿನಲ್ಲಿ ಪ್ರೆಶರ್ ಏರಿ, ಮುಚ್ಚಳದ ಜೋಡಣೆ ಒಡೆದು, ಬಿಸಿ ಆಸಿಡ್ ಸಿಡಿಯಿತು. ನಾವೆಲ್ಲ ಹೊರಗೆ ಓಡಿದೆವು. ಅಂಗಾರನೂ ಓಡಿದ್ದ, ನನ್ನ ಪಕ್ಕದಲ್ಲೇ ಇದ್ದ. ಒಳಗಿನಿಂದ ಕಿರುಚಾಟ ಕೇಳಿತು. ಶಂಕ್ರೆಪ್ಪ. ಅಂಗಾರ ತಿರುಗಿ ಹೊಗೆಯೊಳಗೆ ನುಗ್ಗಿದ. ಒಳಗೆ ಆದದ್ದನ್ನು ಆಮೇಲೆ ಶಂಕ್ರೆಪ್ಪನೇ ಹೇಳಿದ. ಎಳೆದು ತರುವಾಗ ಶಂಕ್ರೆಪ್ಪನ ಅಂಗಿಯ ಜೊತೆ ಚರ್ಮವೂ ಸುಲಿಯುತ್ತಿತ್ತು. ಅಂಗಾರನ ಬೆನ್ನಿನ ಮೇಲೂ ಆಸಿಡ್ ಬಿದ್ದಿತ್ತು.

ಕೆಮಿಕಲ್ ಕೆಲಸದವರಿಗೆ ಗೊತ್ತು — ಮೈಗೆ ಆಸಿಡ್ ಬಿದ್ದವನನ್ನು ಸೇಫ್ಟಿ ಶವರ್ ಕೆಳಗೆ ನಿಲ್ಲಿಸಬೇಕು. ಆದರೆ ಅವನು ನಿಲ್ಲುವುದಿಲ್ಲ, ಉರಿ ತಾಳದೆ ಓಡುತ್ತಾನೆ. ಯಾರಾದರೂ ಹಿಡಿಯಬೇಕು. ಅಂಗಾರ ಹಿಡಿದ. ಶಂಕ್ರೆಪ್ಪ ಒದೆಯುತ್ತಿದ್ದ, ಕಚ್ಚುತ್ತಿದ್ದ. ಅಂಗಾರ ಅವನನ್ನು ತಬ್ಬಿ, ನೀರಿನ ಕೆಳಗೆ ಅದುಮಿ ನಿಂತ. ನೀರು ಶಂಕ್ರೆಪ್ಪನ ಮೇಲೆ. ಅಂಗಾರನ ಬೆನ್ನು ಹೊರಗೆ, ಬೇಯುತ್ತಾ. ಅತ್ತ ಗೋಡೆಯ ಹತ್ತಿರ ಇನ್ನೊಂದು ಶವರ್ ಇತ್ತು. ಶಂಕ್ರೆಪ್ಪನನ್ನು ಬಿಟ್ಟಿದ್ದರೆ ಅಲ್ಲಿಗೆ ಹೋಗಬಹುದಿತ್ತು. ಬಿಡಲಿಲ್ಲ. ನಾವು ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದಾಗ ಶಂಕ್ರೆಪ್ಪ ಬದುಕಿದ್ದ. ಅಂಗಾರ ಆಸ್ಪತ್ರೆಯಲ್ಲಿ ಹೋದ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಶಂಕ್ರೆಪ್ಪ ತಪ್ಪು ವಾಲ್ವ್ ತಿರುಗಿಸಿದ್ದಕ್ಕೇ ಇದೆಲ್ಲ ಆಯಿತೆಂದು ಊರೆಲ್ಲ ಹೇಳುತ್ತಿದೆ. ಹೌದೋ ಅಲ್ಲವೋ ನನಗೆ ಗೊತ್ತಿಲ್ಲ, ತನಿಖೆ ನಡೆಯುತ್ತಿದೆ. ಆ ಶಂಕ್ರೆಪ್ಪ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಈ ಸಭಾಂಗಣದ ಕೆಳಗೆ, ಗೇಟಿನ ಹತ್ತಿರ ನಿಂತಿದ್ದಾನೆ. ಬಾ ಎಂದೆ. "ನಾ ಮ್ಯಾಲ ಬರಂಗಿಲ್ರೀ ವಸಂತಣ್ಣ. ಅಕ್ಕಾರ ಮಾರಿ ಹ್ಯಾಂಗ ನೋಡ್ಲಿ?" ಎಂದ.

ಸಮಿತ್, ಐರೋಲಿಯ ಆಫೀಸಿನಿಂದ ನೀನು ನೇರ ಇಲ್ಲಿಗೆ ಬಂದೆಯಲ್ಲ. ನಿನ್ನ ಬೈಕಿನ ಡಿಕ್ಕಿಯಲ್ಲಿ ಏನಿದೆ ಎಂದು ನನಗೆ ಗೊತ್ತು. ಸಭೆ ಮುಗಿದ ಮೇಲೆ ಗೆಳೆಯರ ಜೊತೆ ಏನು ಮಾಡಬೇಕೆಂದಿದ್ದೀಯ, ಅದೂ ಗೊತ್ತು. ನೀನು ಬಂದಾಗಲೇ ಕೇಳಿದ್ದಕ್ಕೆ "ಕಾಕಾ, ತುಮ್ಹೀ ಮಧ್ಯೇ ಪಡೂ ನಕಾ" ಅಂದೆ. ನಾನು ನಡುವೆ ಬೀಳುತ್ತೇನೆ! ನನಗೂ ಶಂಕ್ರೆಪ್ಪನನ್ನು ಚಚ್ಚಬೇಕು ಅನ್ನಿಸುತ್ತಿದೆ, ಈ ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದೇನೆ.

ನಿನ್ನ ಅಮ್ಮ ನನಗೆ ಬೆಳಿಗ್ಗೆ ಹೇಳಿದ ಮಾತು ಕೇಳು. "ನನ್ನನ್ನು ಹೊಡೆಯುವ ಗಂಡ ಆ ನದಿಯಲ್ಲಿ ಹೋದ ವಸಂತಣ್ಣ. ಈಗ ಅವನು ನನ್ನ ಮಗನಾಗಿ ಮನೆಗೆ ಬರುವುದು ಬೇಡ."

ಬಂಧುಗಳೇ, ಇನ್ನು ಮೌನದ ಸಮಯ. ಅದಕ್ಕೆ ಮೊದಲು ಯಾರಾದರೂ ಕೆಳಗೆ ಹೋಗಿ ಶಂಕ್ರೆಪ್ಪನನ್ನು ಕರೆತರಬೇಕು. ನಾನು ಹೋಗುವುದಿಲ್ಲ. ಪಾಸ್ಟರ್, ನೀವೂ ಬೇಡ. ಹರಿಣಾಕ್ಷಿ ಅಕ್ಕ, ಏಳಬೇಡಿ, ನೀವು ಕೂತುಕೊಳ್ಳಿ —

ಸಮಿತ್ ಎದ್ದಿದ್ದಾನೆ.

ಯಾರೂ ತಡೆಯಬೇಡಿ, ದಾರಿ ಬಿಡಿ. ಸಮಿತ್, ಬೈಕಿನ ಚಾವಿ ಇಲ್ಲಿ, ಅಮ್ಮನ ಕೈಯಲ್ಲಿ ಕೊಟ್ಟು ಹೋಗು. — ಹಾಂ. ಕೊಟ್ಟ.

ಎಲ್ಲರೂ ಎದ್ದು ನಿಲ್ಲಿ. ಗಡಿಯಾರ ನೋಡಬೇಡಿ. ಅವರಿಬ್ಬರೂ ಜೊತೆಯಲ್ಲಿ ಮೆಟ್ಟಿಲು ಹತ್ತಿ ಈ ಬಾಗಿಲೊಳಗೆ ಬರುವವರೆಗೆ ನಾವು ಮಾತಿಲ್ಲದೆ ನಿಂತಿರೋಣ.